ಮನೆಯಿಂದಲೇ ಮತ, ಅಂಚೆ ಮತ: 12ಡಿ ನಮೂನೆಯಿಂದ ಲಕೋಟೆ ಅಂಟಿಸುವವರೆಗೆ

ಪ್ರತಿ ಚುನಾವಣೆಯಲ್ಲೂ ಇದೇ ಕತೆ. ಮತದಾನಕ್ಕೆ ನಾಲ್ಕು ದಿನ ಇರುವಾಗ ಫೋನ್ ಬರುತ್ತದೆ: "ಅಜ್ಜಿಗೆ ನಡೆಯೋಕೆ ಆಗಲ್ಲ, ಮನೆಗೇ ಬಂದು ಓಟು ಹಾಕಿಸಿಕೊಳ್ತಾರಂತಲ್ಲ, ಯಾರಿಗೆ ಹೇಳಬೇಕು?" ಆಗ ಮಾಡಲು ಏನೂ ಉಳಿದಿರುವುದಿಲ್ಲ. ಮನೆಯಿಂದ ಮತ ಹಾಕಲು 12ಡಿ ಎಂಬ ಅರ್ಜಿ ಕೊಡುವ ಗಡುವು ಸುಮಾರು ಮೂರು ವಾರ ಮೊದಲೇ ಮುಗಿದಿರುತ್ತದೆ. ಪ್ರಚಾರದ ಮೈಕು ಊರಿಗೆ ಬರುವ ಮೊದಲೇ ಈ ಕೆಲಸ ಆಗಬೇಕು. ಆದ್ದರಿಂದ ಯಾವ ಕೆಲಸ ಮೊದಲು, ಯಾವುದು ನಂತರ ಅನ್ನುವುದನ್ನೇ ಇಲ್ಲಿ ಜಾಸ್ತಿ ಒತ್ತಿ ಹೇಳಿದ್ದೇನೆ.

ಇಲ್ಲಿ ಹೇಳಿರುವುದು ವಿಧಾನಸಭೆ ಮತ್ತು ಲೋಕಸಭೆ ಚುನಾವಣೆಗೆ ಮಾತ್ರ. ಪಂಚಾಯಿತಿ, ಪಾಲಿಕೆ ಚುನಾವಣೆಗಳನ್ನು ರಾಜ್ಯ ಚುನಾವಣಾ ಆಯೋಗ ನಡೆಸುತ್ತದೆ. ಅಲ್ಲಿನ ನಿಯಮ ಬೇರೆ.

## ಮೊದಲು ನೋಡಿ: ಈ ಸೌಲಭ್ಯ ನಿಮಗೆ ಸಿಗುತ್ತದಾ?

ಮನೆಯಲ್ಲೇ ಮತ ಹಾಕಲು ಅವಕಾಶ ಇರುವುದು ಎರಡು ಗುಂಪಿಗೆ. ಒಂದು, 85 ವರ್ಷ ಮೇಲ್ಪಟ್ಟ ಹಿರಿಯರು. ಇನ್ನೊಂದು, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರು.

ವಯಸ್ಸಿನ ವಿಷಯದಲ್ಲಿ ಜನ ತುಂಬಾ ಎಡವುತ್ತಾರೆ. 2023ರ ವಿಧಾನಸಭೆ ಚುನಾವಣೆಯಲ್ಲಿ ಕರ್ನಾಟಕದಲ್ಲಿ 80 ದಾಟಿದವರಿಗೆಲ್ಲ ಇದು ಸಿಕ್ಕಿತ್ತು. 2024ರ ಮಾರ್ಚ್‌ನಲ್ಲಿ ನಿಯಮ ಬದಲಾಗಿ ಮಿತಿ 85ಕ್ಕೆ ಏರಿತು. ಹಾಗಾಗಿ "ಹೋದ ಸಲ ನಮ್ಮ ತಂದೆ ಮನೆಯಲ್ಲೇ ಹಾಕಿದ್ದರು" ಅನ್ನುವ 83 ವರ್ಷದವರಿಗೆ ಈಗ ಸಿಗುವುದಿಲ್ಲ.

ಅಗತ್ಯ ಸೇವೆಯಲ್ಲಿರುವವರು, ಚುನಾವಣಾ ಕರ್ತವ್ಯದ ಸಿಬ್ಬಂದಿ, ಸೈನಿಕರು ಬೇರೆ ದಾರಿಯಲ್ಲಿ ಅಂಚೆ ಮತ ಹಾಕುತ್ತಾರೆ. ಅವರ ವಿಷಯ ಕೊನೆಯಲ್ಲಿದೆ.

ಯಾರಿಗೆ ಇಲ್ಲ ಅನ್ನುವುದನ್ನೂ ನೇರವಾಗಿ ಹೇಳಿಬಿಡುತ್ತೇನೆ. ಓಟು ಬೀದರ್‌ನಲ್ಲಿ, ಕೆಲಸ ಬೆಂಗಳೂರಿನಲ್ಲಿ ಅನ್ನುವವರಿಗೆ ಅಂಚೆ ಮತ ಇಲ್ಲ. ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿಗಳಿಗೂ ಇಲ್ಲ. ಜ್ವರ ಬಂದು ಮಲಗಿದವರಿಗೂ ಇಲ್ಲ. ಇಂಥವರಿಗೆ ಇರುವುದು ಎರಡೇ ದಾರಿ: ಈಗ ವಾಸವಿರುವ ಊರಿಗೆ ಹೆಸರು ವರ್ಗಾಯಿಸಿಕೊಳ್ಳುವುದು, ಇಲ್ಲವೇ ಮತದಾನದ ದಿನ ಊರಿಗೆ ಹೋಗುವುದು. ಆ ದಿನ ವೇತನ ಸಹಿತ ರಜೆ ಕೊಡಬೇಕು ಎಂದು 1951ರ ಜನಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ರಜೆ ಕೇಳಲು ಸಂಕೋಚ ಬೇಡ.

## ಹಂತ 1: ಮತದಾರರ ಪಟ್ಟಿಯಲ್ಲಿ ನಿಮ್ಮ ಸಾಲನ್ನು ಸರಿಪಡಿಸಿ

ಇದು ಇಂದೇ ಮಾಡುವ ಕೆಲಸ. ಚುನಾವಣೆ ಘೋಷಣೆಗೆ ಕಾಯಬೇಡಿ.

ಚುನಾವಣಾ ಆಯೋಗದ ಮತದಾರರ ಸೇವಾ ಪೋರ್ಟಲ್‌ನಲ್ಲಿ ಅಥವಾ ಆಯೋಗದ ಆ್ಯಪ್‌ನಲ್ಲಿ ಎಪಿಕ್ ಸಂಖ್ಯೆ (ಮತದಾರರ ಗುರುತಿನ ಚೀಟಿಯ ಸಂಖ್ಯೆ) ಹಾಕಿ ಹುಡುಕಿ. ಸ್ಮಾರ್ಟ್‌ಫೋನ್ ಬಳಸಲು ಬಾರದವರು 1950ಕ್ಕೆ ಕರೆ ಮಾಡಬಹುದು. ಕೈಯಲ್ಲಿ ಗುರುತಿನ ಚೀಟಿ ಇದ್ದರೆ ಪಟ್ಟಿಯಲ್ಲೂ ಹೆಸರು ಇದೆ ಅಂತ ಅಂದುಕೊಳ್ಳಬೇಡಿ. ಚೀಟಿ ಬೇರೆ, ಪಟ್ಟಿ ಬೇರೆ. ಓಟು ನಡೆಯುವುದು ಪಟ್ಟಿಯ ಮೇಲೆ.

ಹೆಸರು ಸಿಕ್ಕ ಮೇಲೆ ನಾಲ್ಕು ವಿಷಯ ನೋಡಿ.

ವಯಸ್ಸು. ನಮ್ಮ ಹಿರಿಯರಲ್ಲಿ ಅನೇಕರಿಗೆ ಜನನ ಪ್ರಮಾಣಪತ್ರವೇ ಇಲ್ಲ. ಹಿಂದೆ ಯಾರೋ ಮನೆಗೆ ಬಂದು ಅಂದಾಜಿಗೆ ಬರೆದುಕೊಂಡ ವಯಸ್ಸು ಪಟ್ಟಿಯಲ್ಲಿ ಉಳಿದುಬಿಟ್ಟಿರುತ್ತದೆ. ಅಜ್ಜಿಗೆ ನಿಜವಾಗಿ 88, ಪಟ್ಟಿಯಲ್ಲಿ 81. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಬರುವ ಹಿರಿಯರ ಪಟ್ಟಿ ತಯಾರಾಗುವುದು ಈ ಮಾಹಿತಿಯಿಂದಲೇ. ಹಾಗಾಗಿ ಅಜ್ಜಿಯ ಮನೆಗೆ ಯಾರೂ ಬರುವುದಿಲ್ಲ. ಇದನ್ನು ನಮೂನೆ 8ರಲ್ಲಿ ದಾಖಲೆ ಸಮೇತ ತಿದ್ದಿಸಬೇಕು.

ವಿಳಾಸ. ಇದು ಬಹಳ ಮನೆಗಳಲ್ಲಿ ಓಟು ಕಳೆಯುವ ಜಾಗ. ಅಪ್ಪ ಅಮ್ಮ ಹಾಸನದ ಹಳ್ಳಿ ಬಿಟ್ಟು ಬೆಂಗಳೂರಿನ ಮಗನ ಮನೆಗೆ ಬಂದು ವರ್ಷಗಳೇ ಆಗಿರುತ್ತವೆ. ಹೆಸರು ಮಾತ್ರ ಹಳ್ಳಿಯಲ್ಲೇ ಇರುತ್ತದೆ. ಮತ ಪಡೆಯುವ ತಂಡ ಹೋಗುವುದು ಹೆಸರು ಇರುವ ಕ್ಷೇತ್ರದ ವಿಳಾಸಕ್ಕೆ. ಅದು ಹಾಸನದಿಂದ ಬೆಂಗಳೂರಿಗೆ ಬರುವುದಿಲ್ಲ. ನಮೂನೆ 8ರಲ್ಲೇ ವಿಳಾಸ ವರ್ಗಾವಣೆಗೂ ಅವಕಾಶ ಇದೆ. ಇನ್ನು ಹಳ್ಳಿಗೆ ವಾಪಸ್ ಹೋಗುವ ಯೋಚನೆ ಇಲ್ಲ ಎಂದಾದರೆ ವರ್ಗಾಯಿಸುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಅಂಗವೈಕಲ್ಯದ ಗುರುತು. ಇದನ್ನೂ ನಮೂನೆ 8ರಲ್ಲೇ ದಾಖಲಿಸಬೇಕು. ಗುರುತು ಇದ್ದರೆ ಬಿಎಲ್‌ಒ ಪಟ್ಟಿಯಲ್ಲಿ ನಿಮ್ಮ ಹೆಸರು ತಾನಾಗಿಯೇ ಬರುತ್ತದೆ.

ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆ. ಇವೆರಡನ್ನೂ ಬರೆದಿಟ್ಟುಕೊಳ್ಳಿ. ಪಟ್ಟಿ ಪರಿಷ್ಕರಣೆಯಾದಾಗ ಇವು ಬದಲಾಗಬಹುದು. ಆದ್ದರಿಂದ ಚುನಾವಣೆ ಹತ್ತಿರ ಬಂದಾಗ ಇನ್ನೊಮ್ಮೆ ನೋಡಿ.

ಹೆಸರೇ ಇಲ್ಲದಿದ್ದರೆ ನಮೂನೆ 6 ತುಂಬಿ ಹೊಸದಾಗಿ ಸೇರಿಸಬೇಕು.

## ಹಂತ 2: ತಾರೀಕುಗಳನ್ನು ಗೋಡೆಗೆ ಅಂಟಿಸಿ

ಚುನಾವಣೆಯ "ಘೋಷಣೆ" ಮತ್ತು "ಅಧಿಸೂಚನೆ" ಎರಡೂ ಒಂದೇ ಅಲ್ಲ. ಟೀವಿಯಲ್ಲಿ ಆಯೋಗದವರು ಕುಳಿತು ವೇಳಾಪಟ್ಟಿ ಹೇಳುವುದು ಘೋಷಣೆ. ಆಮೇಲೆ ರಾಜಪತ್ರದಲ್ಲಿ ಬರುವುದು ಅಧಿಸೂಚನೆ. ನಮ್ಮ ಗಡುವು ಲೆಕ್ಕ ಹಾಕುವುದು ಅಧಿಸೂಚನೆಯಿಂದ. ಅದು ಯಾವ ದಿನ ಬರುತ್ತದೆ ಅನ್ನುವುದು ಘೋಷಣೆಯ ವೇಳಾಪಟ್ಟಿಯಲ್ಲೇ ಇರುತ್ತದೆ. ಮತದಾನದ ದಿನವನ್ನು ಎಲ್ಲರೂ ನೋಡುತ್ತಾರೆ, ಈ ಸಾಲನ್ನು ಯಾರೂ ಓದುವುದಿಲ್ಲ.

2023ರ ಉದಾಹರಣೆ ತೆಗೆದುಕೊಳ್ಳಿ. ಘೋಷಣೆ ಮಾರ್ಚ್ 29. ಅಧಿಸೂಚನೆ ಏಪ್ರಿಲ್ 13. ನಾಮಪತ್ರಕ್ಕೆ ಕೊನೆ ದಿನ ಏಪ್ರಿಲ್ 20. ಮತದಾನ ಮೇ 10. ಇದರಲ್ಲಿ ಎರಡು ಗಡುವು ಅಡಗಿವೆ.

1. ಪಟ್ಟಿಗೆ ಹೆಸರು ಸೇರಿಸಲು ಅರ್ಜಿ ಕೊಡುವ ಅವಕಾಶ ನಾಮಪತ್ರದ ಕೊನೆ ದಿನಕ್ಕೆ 10 ದಿನ ಮೊದಲೇ ಮುಗಿಯುತ್ತದೆ. ಅಂದರೆ ಅಧಿಸೂಚನೆ ಬರುವುದಕ್ಕಿಂತ ಮುಂಚೆಯೇ!
2. 12ಡಿ ನಮೂನೆ ಅಧಿಸೂಚನೆ ಬಂದ ಐದು ದಿನದೊಳಗೆ ಚುನಾವಣಾಧಿಕಾರಿಗೆ ತಲುಪಬೇಕು.

ಕ್ರಮ ಗಮನಿಸಿ. 12ಡಿ ಗಡುವು ಶುರುವಾಗುವ ಹೊತ್ತಿಗೆ ಪಟ್ಟಿ ತಿದ್ದುವ ಬಾಗಿಲು ಮುಚ್ಚಿರುತ್ತದೆ. ಅದಕ್ಕೇ ಹಂತ 1 ಇಂದೇ ಮಾಡಿ ಅಂದಿದ್ದು.

ಇನ್ನೊಂದು ಮಾತು. 2024ರ ಲೋಕಸಭೆ ಚುನಾವಣೆ ಕರ್ನಾಟಕದಲ್ಲಿ ಏಪ್ರಿಲ್ 26 ಮತ್ತು ಮೇ 7ರಂದು ಎರಡು ಹಂತದಲ್ಲಿ ನಡೆಯಿತು. ಉಡುಪಿ-ಚಿಕ್ಕಮಗಳೂರಿಗೆ ಮೊದಲ ಹಂತ, ಪಕ್ಕದ ಶಿವಮೊಗ್ಗಕ್ಕೆ ಎರಡನೆಯದು. ಅಧಿಸೂಚನೆ ದಿನವೂ ಬೇರೆ, ಗಡುವೂ ಬೇರೆ. ನೆಂಟರ ಊರಿನ ತಾರೀಕು ಕೇಳಿ ಸುಮ್ನೆ ಕೂರಬೇಡಿ. ನಿಮ್ಮ ಕ್ಷೇತ್ರದ್ದನ್ನು ನೋಡಿ.

## ಹಂತ 3: 12ಡಿ ತುಂಬಿ

ನಮೂನೆಯನ್ನು ಬಿಎಲ್‌ಒ ಮನೆಗೇ ತಂದುಕೊಡಬೇಕು. ನೀವು ಮನೆಯಲ್ಲಿ ಇಲ್ಲದಿದ್ದರೆ ತಮ್ಮ ಫೋನ್ ನಂಬರ್ ಬಿಟ್ಟುಹೋಗಿ, ಅಧಿಸೂಚನೆಯ ಐದು ದಿನದೊಳಗೆ ಮತ್ತೆ ಬಂದು ತುಂಬಿದ ಅರ್ಜಿ ಪಡೆಯಬೇಕು. ನಿಯಮ ಹೀಗಿದೆ. ಆದರೆ ಒಬ್ಬ ಬಿಎಲ್‌ಒ ತಲೆ ಮೇಲೆ ನೂರಾರು ಮನೆಗಳಿರುತ್ತವೆ. ಅವರು ಬರುತ್ತಾರೆ ಎಂದು ಕಾಯದೆ, ಘೋಷಣೆಯಾದ ವಾರದಲ್ಲೇ ನೀವೇ ಫೋನ್ ಮಾಡಿ. ಬಿಎಲ್‌ಒ ಹೆಸರು ಮತ್ತು ಸಂಖ್ಯೆ ಪೋರ್ಟಲ್‌ನಲ್ಲಿ ನಿಮ್ಮ ಮತಗಟ್ಟೆಯ ವಿವರದ ಜೊತೆಗೇ ಸಿಗುತ್ತದೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ:

- ಎಪಿಕ್ ಕಾರ್ಡ್
- ಬರೆದಿಟ್ಟುಕೊಂಡ ಭಾಗ ಸಂಖ್ಯೆ, ಕ್ರಮ ಸಂಖ್ಯೆ
- ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆ
- ಅಂಗವಿಕಲರಾದರೆ ಶೇ 40 ಅಥವಾ ಹೆಚ್ಚಿನ ಪ್ರಮಾಣ ಇರುವ ಪ್ರಮಾಣಪತ್ರದ ನಕಲು

ಮೊಬೈಲ್ ಸಂಖ್ಯೆ ಬರೆಯುವಾಗ ಯೋಚಿಸಿ. ತಂಡ ಯಾವಾಗ ಬರುತ್ತದೆ ಅನ್ನುವ ಸಂದೇಶ ಬರುವುದು ಅದಕ್ಕೇ. ಡ್ರಾಯರ್‌ನಲ್ಲಿ ಸ್ವಿಚ್ ಆಫ್ ಆಗಿರುವ ಅಜ್ಜನ ಹಳೇ ಫೋನ್ ನಂಬರ್ ಬೇಡ. ಮನೆಯಲ್ಲಿ ಫೋನ್ ಎತ್ತುವವರ ನಂಬರ್ ಕೊಡಿ.

ಸಹಿ ಮತದಾರರದ್ದೇ ಇರಬೇಕು. ಸಹಿ ಬಾರದಿದ್ದರೆ ಹೆಬ್ಬೆಟ್ಟು. ಮಗ, ಸೊಸೆ ಅವರ ಪರವಾಗಿ ಸಹಿ ಹಾಕುವಂತಿಲ್ಲ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಕೇಳಿ ಪಡೆಯಿರಿ, ಫೋಟೋ ತೆಗೆದಿಟ್ಟುಕೊಳ್ಳಿ.

## ಹಂತ 4: ಕೊಡುವ ಮೊದಲು ಒಮ್ಮೆ ಯೋಚಿಸಿ

12ಡಿ ಕಡ್ಡಾಯ ಅಲ್ಲ. 90 ವರ್ಷದವರೂ ಇಷ್ಟವಿದ್ದರೆ ಮತಗಟ್ಟೆಗೇ ಹೋಗಬಹುದು. ಆದರೆ ಅರ್ಜಿ ಒಪ್ಪಿಗೆಯಾದ ಮೇಲೆ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ "ಪಿಬಿ" ಎಂದು ಗುರುತು ಬೀಳುತ್ತದೆ. ಅದು ಅಂಚೆ ಮತಪತ್ರದ ಗುರುತು. ಆಮೇಲೆ ಮತಗಟ್ಟೆಯಲ್ಲಿ ಮತ ಹಾಕಲು ಬಿಡುವುದಿಲ್ಲ. "ತಂಡ ಬಂದಾಗ ಮಗಳ ಮನೆಯಲ್ಲಿದ್ದೆ, ಈಗ ಬೂತಿಗೆ ಬಂದಿದ್ದೀನಿ" ಅಂದರೆ ಕೇಳುವುದಿಲ್ಲ.

ಹಾಗಾಗಿ ಮನೆಯವರೆಲ್ಲ ಕೂತು ಹಿರಿಯರನ್ನೇ ಕೇಳಿ. ಕೆಲವರಿಗೆ ಮತಗಟ್ಟೆಗೆ ಹೋಗುವುದೇ ಸಂಭ್ರಮ. ಅವರಿಗೆ ಕೈಲಾಗುತ್ತದೆ ಅನ್ನುವುದಾದರೆ 12ಡಿ ಬೇಡ.

## ಹಂತ 5: ತಂಡ ಬರುವ ದಿನ

ಮನೆ ಮತದಾನ ಮುಖ್ಯ ಮತದಾನಕ್ಕಿಂತ ಮೊದಲೇ ಮುಗಿಯುತ್ತದೆ. ದಿನ ಮತ್ತು ಸಮಯವನ್ನು ಸಂದೇಶದಲ್ಲೋ ಬಿಎಲ್‌ಒ ಮೂಲಕವೋ ಮುಂಚೆಯೇ ತಿಳಿಸುತ್ತಾರೆ. ಮೊದಲ ಸಲ ಬಂದಾಗ ಮತದಾರರು ಇಲ್ಲದಿದ್ದರೆ ಇನ್ನೊಮ್ಮೆ ಬರುತ್ತಾರೆ. ಎರಡನೇ ಸಲವೂ ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಆಸ್ಪತ್ರೆ ತಪಾಸಣೆ, ಮದುವೆ ಮನೆ ಇದ್ದರೆ ಆ ವಾರ ಮುಂದೂಡಿ.

ಬರುವ ತಂಡದಲ್ಲಿ ಮತಗಟ್ಟೆ ಅಧಿಕಾರಿಗಳು, ವಿಡಿಯೊ ತೆಗೆಯುವವರು, ಪೊಲೀಸರು ಇರುತ್ತಾರೆ. ಅಭ್ಯರ್ಥಿಗಳ ಪ್ರತಿನಿಧಿಗಳೂ ಬರಬಹುದು, ಏಕೆಂದರೆ ವೇಳಾಪಟ್ಟಿಯನ್ನು ಅಭ್ಯರ್ಥಿಗಳಿಗೂ ಕೊಟ್ಟಿರುತ್ತಾರೆ. ಮನೆ ತುಂಬ ಜನ ನೋಡಿ ಹಿರಿಯರು ಗಾಬರಿಯಾಗುತ್ತಾರೆ. ಮೊದಲೇ ಹೇಳಿಡಿ. ಎಪಿಕ್ ಅಥವಾ ಆಧಾರ್‌ನಂಥ ಗುರುತಿನ ದಾಖಲೆ, ಕನ್ನಡಕ, ಗಟ್ಟಿಯಾದ ಒಂದು ಮೇಜು ಸಿದ್ಧವಿರಲಿ.

ವಿಡಿಯೊ ಚಿತ್ರೀಕರಣ ಪ್ರಕ್ರಿಯೆಗೆ ಮಾತ್ರ. ಮತ ಗುರುತು ಮಾಡುವ ಕ್ಷಣಕ್ಕೆ ಅಲ್ಲ. ಆಗ ಮರೆ ಮಾಡಿಕೊಡುತ್ತಾರೆ. ಮನೆಯವರೂ ಆಚೆ ಹೋಗಬೇಕು. ಪ್ರೀತಿಯಿಂದಲೇ ಆದರೂ "ಅಮ್ಮಾ, ಇಲ್ಲಿ ಹಾಕು" ಅನ್ನುವುದು ತಪ್ಪು. ಕಣ್ಣು ಕಾಣದವರು, ಕೈ ನಡುಗಿ ಬರೆಯಲಾಗದವರು ಮಾತ್ರ ತಾವು ನಂಬುವ ವಯಸ್ಕರೊಬ್ಬರ ನೆರವು ಪಡೆಯಬಹುದು. ಆಗಲೂ ಮತ ಯಾರಿಗೆ ಅನ್ನುವುದು ಅವರದ್ದೇ ತೀರ್ಮಾನ, ನೆರವಾದವರು ಅದನ್ನು ಹೊರಗೆ ಹೇಳುವಂತಿಲ್ಲ.

## ಹಂತ 6: ಮತಪತ್ರ, ಘೋಷಣೆ, ಎರಡು ಲಕೋಟೆ

ಇಲ್ಲಿ ಯಂತ್ರ ಇಲ್ಲ. ಕಾಗದ, ಪೆನ್ನು, ಅಂಟು. ಅಂಚೆ ಮತಗಳು ತಿರಸ್ಕಾರವಾಗುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಓದಿ. ಮನೆಯಲ್ಲಿ ಹಾಕುವವರಿಗೆ ಅಧಿಕಾರಿಗಳು ತೋರಿಸಿಕೊಡುತ್ತಾರೆ, ಸೈನಿಕರು ಮಾತ್ರ ತಾವೇ ಮಾಡಿಕೊಳ್ಳಬೇಕು.

1. 13ಎ, ಅಂದರೆ ಘೋಷಣೆ. ಇದರಲ್ಲಿ ಮತಪತ್ರದ ಕ್ರಮಸಂಖ್ಯೆ ಇರುತ್ತದೆ. ಮತಪತ್ರದ ಮೇಲಿನ ಸಂಖ್ಯೆಗೂ ಇದಕ್ಕೂ ತಾಳೆ ನೋಡಿ. ಮತದಾರರು ಸಹಿ ಮಾಡಬೇಕು, ಅಧಿಕಾರಿ ದೃಢೀಕರಿಸಬೇಕು.
2. ಮತಪತ್ರ. ಒಬ್ಬ ಅಭ್ಯರ್ಥಿಯ ಹೆಸರಿನ ಎದುರು ಸ್ಪಷ್ಟವಾಗಿ ಗುರುತು ಮಾಡಿ. ಟಿಕ್ ಅಥವಾ ಕತ್ತರಿ (×) ಗುರುತು ಸಾಕು. ಎರಡು ಹೆಸರಿನ ನಡುವಿನ ಗೆರೆ ಮೇಲೆ ಬೀಳದಿರಲಿ. ಸಹಿ, ಹೆಸರು, ಹೆಬ್ಬೆಟ್ಟು ಏನೂ ಹಾಕಬೇಡಿ. ಮತದಾರ ಯಾರು ಎಂದು ಗೊತ್ತಾಗುವ ಯಾವ ಗುರುತು ಇದ್ದರೂ ಮತ ಹೋಯಿತು.
3. 13ಬಿ, ಚಿಕ್ಕ ಲಕೋಟೆ. ಇದರೊಳಗೆ ಮತಪತ್ರ ಒಂದೇ. ಬೇರೇನೂ ಇಲ್ಲ. ಅಂಟಿಸಿ.
4. 13ಸಿ, ದೊಡ್ಡ ಲಕೋಟೆ. ಇದರೊಳಗೆ ಅಂಟಿಸಿದ 13ಬಿ ಮತ್ತು ಅದರ ಪಕ್ಕದಲ್ಲಿ 13ಎ. ಅಂಟಿಸಿ.

ಸಾಮಾನ್ಯವಾಗಿ ಆಗುವ ತಪ್ಪು ಒಂದೇ: 13ಎ ಘೋಷಣೆಯನ್ನು ಮತಪತ್ರದ ಜೊತೆ ಚಿಕ್ಕ ಲಕೋಟೆಗೆ ಹಾಕಿಬಿಡುವುದು. ಎಣಿಕೆಯ ದಿನ ಏನಾಗುತ್ತದೆ ನೋಡಿ. ದೊಡ್ಡ ಲಕೋಟೆ ಬಿಚ್ಚುತ್ತಾರೆ. ಮೊದಲು ಘೋಷಣೆ ಹುಡುಕುತ್ತಾರೆ. ಅದು ಇಲ್ಲ, ಸಹಿ ಇಲ್ಲ, ದೃಢೀಕರಣ ಇಲ್ಲ, ಅಥವಾ ಸಂಖ್ಯೆ ತಾಳೆ ಇಲ್ಲ ಅಂದರೆ ಚಿಕ್ಕ ಲಕೋಟೆಯನ್ನು ಬಿಚ್ಚುವುದೇ ಇಲ್ಲ. ಮತ ಯಾರಿಗೆ ಹಾಕಿದ್ದರೂ ಲೆಕ್ಕಕ್ಕಿಲ್ಲ.

## ಅನುಮಾನ ಪಡಬೇಕಾದ ಸಂದರ್ಭಗಳು

- ಪಕ್ಷದವರು ಬಂದು "12ಡಿ ನಾವೇ ಕೊಡ್ತೀವಿ, ಖಾಲಿ ಫಾರಂಗೆ ಸಹಿ ಹಾಕಿ" ಅಂದರೆ ಹಾಕಬೇಡಿ. ಬಿಎಲ್‌ಒ ಕೈಗೇ ಕೊಡಿ.
- "ಆನ್‌ಲೈನ್‌ನಲ್ಲಿ ಓಟು ಹಾಕಿ" ಎಂಬ ವಾಟ್ಸ್ಆ್ಯಪ್ ಲಿಂಕ್ ಸುಳ್ಳು. ನಮ್ಮ ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಫೋನ್‌ನಲ್ಲಿ ಮತ ಹಾಕುವ ವ್ಯವಸ್ಥೆಯೇ ಇಲ್ಲ. ಒಟಿಪಿ ಹೇಳಬೇಡಿ.
- ಅಂಟಿಸದ ಲಕೋಟೆಯನ್ನು "ಆಮೇಲೆ ಅಂಟಿಸ್ತೀವಿ" ಎಂದು ತೆಗೆದುಕೊಂಡು ಹೋಗಲು ಬಿಡಬೇಡಿ. ನಿಮ್ಮ ಕಣ್ಣೆದುರೇ ಅಂಟಿಸಬೇಕು.
- ನೀವು ಅರ್ಜಿಯೇ ಕೊಟ್ಟಿಲ್ಲ, ಆದರೂ ಹೆಸರಿನ ಮುಂದೆ "ಪಿಬಿ" ಇದೆ ಎಂದು ಗೊತ್ತಾದರೆ ಅದೇ ದಿನ ಚುನಾವಣಾಧಿಕಾರಿಗೆ ಲಿಖಿತ ದೂರು ಕೊಡಿ. 1950ಕ್ಕೂ ತಿಳಿಸಿ.
- ಹಣ, ಸೀರೆ ಹಿಡಿದು ಬಂದವರ ಬಗ್ಗೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೋ ಸಮೇತ ದೂರು ಕೊಡಬಹುದು.

## ಗಡುವು ತಪ್ಪಿತು, ಈಗ?

12ಡಿ ಕೊಟ್ಟಿಲ್ಲ ಅಥವಾ ಒಪ್ಪಿಗೆ ಆಗಿಲ್ಲ ಅಂದರೆ ಮತಗಟ್ಟೆಯ ಓಟು ಹಾಗೇ ಇದೆ. ಅಂಗವಿಕಲರು ಆಯೋಗದ ಸಕ್ಷಮ್ ಆ್ಯಪ್‌ನಲ್ಲಿ ಗಾಲಿಕುರ್ಚಿ, ವಾಹನದ ನೆರವು ಕೇಳಬಹುದು. ಹಿರಿಯರಿಗೆ, ಅಂಗವಿಕಲರಿಗೆ ಸರತಿಯಲ್ಲಿ ನಿಲ್ಲದೆ ಮುಂದೆ ಹೋಗಲು ಬಿಡುತ್ತಾರೆ. ಕಣ್ಣು ಕಾಣದವರು, ತಾವಾಗಿ ಗುಂಡಿ ಒತ್ತಲಾಗದವರು 18 ದಾಟಿದ ಒಬ್ಬ ಸಂಗಾತಿಯನ್ನು ಮತಯಂತ್ರದ ತನಕ ಕರೆದೊಯ್ಯಬಹುದು. ಬಿಸಿಲೇರುವ ಮೊದಲು, ಬೆಳಿಗ್ಗೆ ಏಳಕ್ಕೇ ಹೋಗಿ.

## ಕೆಲಸದಲ್ಲಿರುವವರಿಗೆ

ಅಗತ್ಯ ಸೇವೆ. ಯಾವ ಇಲಾಖೆಗಳು ಅನ್ನುವುದನ್ನು ಆಯೋಗ ಆಯಾ ಚುನಾವಣೆಗೆ ಪ್ರಕಟಿಸುತ್ತದೆ. ಅದೇ 12ಡಿ, ಅದೇ ಐದು ದಿನ. ಆದರೆ ಇಲಾಖೆಯ ನೋಡಲ್ ಅಧಿಕಾರಿಯ ದೃಢೀಕರಣ ಬೇಕು. ಯಾರೂ ಮನೆಗೆ ಬರುವುದಿಲ್ಲ. ನಿಗದಿಯಾದ ಮೂರು ದಿನ ತೆರೆದಿರುವ ಅಂಚೆ ಮತದಾನ ಕೇಂದ್ರಕ್ಕೆ ನೀವೇ ಹೋಗಬೇಕು.

ಚುನಾವಣಾ ಕರ್ತವ್ಯ. ಇವರಿಗೆ 12ಡಿ ಅಲ್ಲ, ನಮೂನೆ 12. ಕೆಲಸ ಮಾಡುವ ಮತಗಟ್ಟೆ ನಿಮ್ಮ ಕ್ಷೇತ್ರದಲ್ಲೇ ಇದ್ದರೆ 12ಎ ತುಂಬಿ, ಕರ್ತವ್ಯ ಪ್ರಮಾಣಪತ್ರ ತೋರಿಸಿ ಅಲ್ಲೇ ಯಂತ್ರದಲ್ಲಿ ಮತ ಹಾಕಬಹುದು. 2023ರ ತಿದ್ದುಪಡಿ ನಂತರ ಅಂಚೆ ಮತಪತ್ರವನ್ನು ಮನೆಗೆ ಒಯ್ಯುವಂತಿಲ್ಲ. ಇದಕ್ಕೆಂದೇ ತೆರೆದ ಸೌಲಭ್ಯ ಕೇಂದ್ರದಲ್ಲೇ ಪಡೆದು, ಅಲ್ಲೇ ಗುರುತು ಮಾಡಿ, ಅಲ್ಲೇ ಹಾಕಬೇಕು. ತರಬೇತಿಯ ದಿನ "ಆಮೇಲೆ ಹಾಕಿದರಾಯಿತು" ಎಂದು ಎದ್ದು ಬರಬೇಡಿ.

ಸೈನಿಕರು. ಕೊಡಗಿನಂಥ ಕಡೆ ಇದು ಮನೆಮನೆಯ ವಿಷಯ. ಸೇನೆಯವರು ನಮೂನೆ 2ರಲ್ಲಿ ತಮ್ಮ ಘಟಕದ ಮೂಲಕ ಸೇವಾ ಮತದಾರರಾಗಿ ನೋಂದಾಯಿಸಬೇಕು. ಊರಿನ ಸಾಮಾನ್ಯ ಪಟ್ಟಿಯಲ್ಲೂ ಹೆಸರು ಇಟ್ಟುಕೊಳ್ಳುವಂತಿಲ್ಲ. ಮತಪತ್ರ ವಿದ್ಯುನ್ಮಾನ ರೂಪದಲ್ಲಿ ಬರುತ್ತದೆ. ಒಟಿಪಿ, ಪಿನ್ ಹಾಕಿ ತೆರೆದು, ಮುದ್ರಿಸಿ, ಮೇಲೆ ಹೇಳಿದ ಹಾಗೆ ಲಕೋಟೆಗೆ ಹಾಕಿ ಅಂಚೆಯಲ್ಲಿ ಕಳಿಸಬೇಕು. ಎಣಿಕೆ ಶುರುವಾಗುವ ಹೊತ್ತಿಗೆ ಅದು ಚುನಾವಣಾಧಿಕಾರಿ ಕೈಯಲ್ಲಿರಬೇಕು. ಗಡಿಯಿಂದ ಬರುವ ಅಂಚೆಗೆ ದಿನ ಹಿಡಿಯುತ್ತದೆ. ಬಂದ ದಿನವೇ ಮುಗಿಸಿ ಕಳಿಸಿ. ಸಶಸ್ತ್ರ ಪಡೆಯವರಿಗೆ ಇನ್ನೊಂದು ದಾರಿಯೂ ಇದೆ. ನಮೂನೆ 13ಎಫ್ ಮೂಲಕ ತಮ್ಮ ಪರವಾಗಿ ಮತ ಹಾಕಲು ಊರಿನಲ್ಲಿರುವ ಒಬ್ಬರನ್ನು ಪ್ರತಿನಿಧಿಯಾಗಿ ನೇಮಿಸಬಹುದು. ಅಂಚೆ ತಡವಾಗುವ ಜಾಗದಲ್ಲಿರುವವರಿಗೆ ಇದೇ ಹೆಚ್ಚು ಭದ್ರ ಅನಿಸುತ್ತದೆ.

## ವಿದೇಶದಲ್ಲಿರುವ ಕನ್ನಡಿಗರಿಗೆ

ದುಬೈ, ಸಿಂಗಪುರ, ಲಂಡನ್‌ನಿಂದ ಈ ಪ್ರಶ್ನೆ ಸದಾ ಬರುತ್ತದೆ. ಭಾರತೀಯ ಪಾಸ್‌ಪೋರ್ಟ್ ಇರುವವರು, ಬೇರೆ ದೇಶದ ಪೌರತ್ವ ಪಡೆಯದವರು ನಮೂನೆ 6ಎ ತುಂಬಿ ಪಾಸ್‌ಪೋರ್ಟ್‌ನಲ್ಲಿರುವ ಊರಿನ ವಿಳಾಸದಲ್ಲಿ ಹೆಸರು ಸೇರಿಸಬಹುದು. ಆದರೆ ಸಾಮಾನ್ಯ ಅನಿವಾಸಿ ಮತದಾರರಿಗೆ ಅಂಚೆ ಮತ ಇಲ್ಲ, ರಾಯಭಾರ ಕಚೇರಿಯಲ್ಲೂ ಹಾಕಲಾಗುವುದಿಲ್ಲ. ಊರಿಗೇ ಬಂದು, ಮತಗಟ್ಟೆಯಲ್ಲಿ ಮೂಲ ಪಾಸ್‌ಪೋರ್ಟ್ ತೋರಿಸಿ ಮತ ಹಾಕಬೇಕು. ವಿಮಾನದ ಟಿಕೆಟ್ ತೆಗೆಯುವ ಮೊದಲು ಪಟ್ಟಿಯಲ್ಲಿ ನಿಮ್ಮ ಹೆಸರು ಬಂದಿದೆಯಾ ಎಂದು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.